ಕೊಡುವ ಕೈ ಯಾವಾಗ ಹಿಂದೆ ಸರಿಯಬೇಕು?



ಯುದ್ಧಕ್ಕೆ ಹೆದರಿ ಮನೆಮಠ ಬಿಟ್ಟು ಬಂದವರು ನಿಮ್ಮ ಬಾಗಿಲಲ್ಲಿ ನಿಂತರೆ ಏನು ಮಾಡುವಿರಿ? ಒಂದು ಹೊತ್ತಿನ ಊಟ, ಹೊದೆಯಲು ಒಂದು ಕಂಬಳಿ ಯಾರಾದರೂ ಕೊಟ್ಟಾರು. ಆದರೆ ಅವರು ನಾಳೆಯೂ ಇರುತ್ತಾರೆ, ಮುಂದಿನ ವರ್ಷವೂ ಇರುತ್ತಾರೆ. ನಮ್ಮ ದಯೆಯ ಪರೀಕ್ಷೆ ಶುರುವಾಗುವುದು ಆಗಲೇ.

ಕೋಡ್ಲಾ, ಸೇಡಂ, ಚಿಂಚೋಳಿ ಕಡೆಯವರಿಗೆ ಇದು ದೂರದ ಮಾತಲ್ಲ. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ನಿಜಾಮ ಸೀಮೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ ಮುಂತಾದ ಕಡೆ ಆಶ್ರಯ ಪಡೆದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಎಷ್ಟೋ ಮುಸ್ಲಿಮ್ ಕುಟುಂಬಗಳೂ ಊರು ಬಿಟ್ಟವು. ನೆಲೆ ತಪ್ಪುವ ಸಂಕಟ ಈ ಮಣ್ಣಿಗೆ ಗೊತ್ತಿದೆ.

ನೆಲೆ ತಪ್ಪಿದವರನ್ನು ನಿಲ್ಲಿಸುವ ಬಗೆ ಹೇಗೆ? ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 1959ರಲ್ಲಿ ಟಿಬೆಟಿನಿಂದ ಸಾವಿರಾರು ಜನ ಭಾರತಕ್ಕೆ ಓಡಿಬಂದರು. ಅಂದಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. ಮುಂದೆ ಮುಂಡಗೋಡಿನಲ್ಲೂ ನೆಲೆ ಸಿಕ್ಕಿತು. ಹಿಮದ ನಾಡಿನವರು ಬಿಸಿಲಲ್ಲಿ ಕಾಡು ಕಡಿದು ಮೆಕ್ಕೆಜೋಳ ಬೆಳೆಯಲು ಕಲಿಯಬೇಕಾಯಿತು. ಇವರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಎಂಬ ಸೇವಾಸಂಸ್ಥೆ ಹುಟ್ಟಿತು. ಸುಮಾರು 15,000 ಮಂದಿ ನೆಲೆಯೂರಲು ಅದು ನೆರವಾಯಿತು. ನಿರಾಶ್ರಿತರೇ ಸಹಕಾರ ಸಂಘಗಳನ್ನು ನಡೆಸತೊಡಗಿದರು. 1980ರ ದಶಕದ ಹೊತ್ತಿಗೆ ಸಂಸ್ಥೆ ಆ ಕೆಲಸದಿಂದ ಹಿಂದೆ ಸರಿಯಿತು.

ಗಮನಿಸಿ, ಬೇಸತ್ತು ಬಿಟ್ಟದ್ದಲ್ಲ, ಕೆಲಸ ಪೂರ್ತಿಯಾಗಿ ಬಿಟ್ಟದ್ದು. ಸದಾ ಕೈಚಾಚಿ ನಿಲ್ಲುವಂತೆ ಮಾಡುವ ದಾನ ಮನುಷ್ಯನನ್ನು ಚಿಕ್ಕವನನ್ನಾಗಿ ಮಾಡುತ್ತದೆ. ಬೇಗನೆ ಕೈಬಿಟ್ಟರೆ ಅವನು ಮತ್ತೆ ಬೀಳುತ್ತಾನೆ. ಅವನು ತಾನೂ ಇನ್ನೊಬ್ಬರಿಗೆ ಕೊಡಬಲ್ಲವನಾದಾಗ ನಮ್ಮ ಕೆಲಸ ಮುಗಿಯಿತು ಎನ್ನಬಹುದು.

"ನಮ್ಮ ಬಡವರೇ ಇಷ್ಟಿರುವಾಗ ಹೊರಗಿನವರಿಗೇಕೆ?" ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಭೂಮಿಯಿಲ್ಲದವನ ಕಣ್ಣೆದುರೇ ಬಂದವನಿಗೆ ಭೂಮಿ ಸಿಕ್ಕರೆ ಹೊಟ್ಟೆ ಉರಿಯದೆ ಇದ್ದೀತೇ? ಆದರೆ ಅದೇ ಮೈರಾಡ ಮುಂದೆ ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರ ಸುತ್ತ ಬಡ ರೈತರ ಜೊತೆ ನೀರು ಇಂಗಿಸುವ, ಮಣ್ಣು ಉಳಿಸುವ ಕೆಲಸಕ್ಕೆ ಬಂತು. ಪರಕೀಯರ ಸೇವೆಯಲ್ಲಿ ಕಲಿತದ್ದು ನಮ್ಮವರಿಗೇ ಒದಗಿತು. ಬೈಲುಕುಪ್ಪೆಯ ಸುತ್ತಲ ಹಳ್ಳಿಯವರಿಗೂ ಟಿಬೆಟಿಯನ್ನರ ಹೊಲಗಳಲ್ಲಿ ಕೂಲಿ ಸಿಕ್ಕಿತು.

ಹೆರೋದನಿಗೆ ಹೆದರಿ ಜೋಸೆಫರು ಮರಿಯಮ್ಮನನ್ನೂ ಬಾಲಯೇಸುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೋದರು. ಅಲ್ಲಿ ಆ ಬಡಗಿಗೆ ಯಾರೋ ಕೆಲಸ ಕೊಟ್ಟಿರಬೇಕು, ಯಾರೋ ಇರಲು ಮನೆ ಕೊಟ್ಟಿರಬೇಕು. ಅವರ ಹೆಸರು ಶುಭಸಂದೇಶದಲ್ಲಿಲ್ಲ.

ಇಂದು ಸೇಡಂ, ವಾಡಿಯ ಸಿಮೆಂಟು ಕಾರ್ಖಾನೆಗಳಿಗೆ ದೂರದ ರಾಜ್ಯಗಳಿಂದ ಕೆಲಸ ಅರಸಿ ಬರುವವರು ಯುದ್ಧದ ನಿರಾಶ್ರಿತರಲ್ಲ, ನಿಜ. ಆದರೆ ಗುರುತಿಲ್ಲದ ಊರಲ್ಲಿ ಅವರಿಗೂ ಬೇಕಾಗುವುದು ನೆರೆಹೊರೆಯೇ. ಅವರ ಮಕ್ಕಳಿಗೆ ನಾಲ್ಕು ಕನ್ನಡದ ಮಾತು ಕಲಿಸಿ, ಶಾಲೆಗೆ ಸೇರಿಸಲು ಜೊತೆಗೆ ಹೋಗಿ. ಅವರು ಊಟಕ್ಕೆ ಕರೆದರೆ ಇಲ್ಲವೆನ್ನದೆ ಹೋಗಿ ಉಂಡು ಬನ್ನಿ. ಪಡೆದವರಿಗೆ ಕೊಡುವ ಸಂತೋಷವೂ ಸಿಗಲಿ.