ನಂಬಿಕೆಯ ಮೇಲೆ ಎಷ್ಟು ಭಾರ ಹಾಕಬಹುದು?

"ಗಟ್ಟಿಯಾಗಿ ನಂಬು, ವಾಸಿಯಾಗುತ್ತೆ." ಗುಬ್ಬಿ ಸೀಮೆಯ ತೋಟವೊಂದರಲ್ಲಿ ಅಡಿಕೆ ಮರದಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ನನ್ನ ಅಣ್ಣನಿಗೆ ಈ ಮಾತು ಹೇಳದೆ ಹೋದ ನೆಂಟನೇ ಇಲ್ಲ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ವಾಸಿಯಾಗದಿದ್ದರೆ? ಆಗ ತಪ್ಪು ಮರದ್ದೂ ಅಲ್ಲ, ಕೂಲಿಗೆ ಕರೆದವರದ್ದೂ ಅಲ್ಲ, ಬಿದ್ದವನ ಭಕ್ತಿ ಸಾಲದು ಎಂದಾಗುತ್ತದೆ.

ಹಿಂದಿನ ಜನ್ಮದ ಕರ್ಮ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಎಲ್ಲ ಬರೀ ಮನಸ್ಸಿನ ಆಟ ಎಂದು ಕೈಕೊಡವುವವರ ಜೊತೆಯೂ ಇಲ್ಲ. ನನ್ನನ್ನು ಕಾಡುವವನು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್. ವೈದ್ಯಶಾಸ್ತ್ರ ಓದಿದವನು, ಮೂಳೆ ಏನೆಂದು ತಿಳಿದವನು. 1897ರ 'ದಿ ವಿಲ್ ಟು ಬಿಲೀವ್' ಸಂಕಲನದಲ್ಲಿ ಅವನೊಂದು ಪ್ರಸಂಗ ಹೇಳುತ್ತಾನೆ. ಆಲ್ಪ್ಸ್ ಬೆಟ್ಟ ಹತ್ತುವವನೊಬ್ಬ ಎಡವಟ್ಟು ಜಾಗದಲ್ಲಿ ಸಿಕ್ಕಿಕೊಂಡಿದ್ದಾನೆ. ಹಾರಿದರೆ ಮಾತ್ರ ಉಳಿವು. ಹಾರಬಲ್ಲೆ ಎಂದು ನಂಬಿದರೆ ಕಾಲು ಗಟ್ಟಿಯಾಗುತ್ತದೆ, ಅನುಮಾನಿಸಿದರೆ ನಡುಗಿ ಬೀಳುತ್ತಾನೆ. ಕೆಲವು ಸತ್ಯಗಳು ನಾವು ನಂಬಿದ ಮೇಲೇ ಹುಟ್ಟುತ್ತವೆ ಎಂಬುದು ಅವನ ವಾದ.

ನನ್ನಣ್ಣನೂ ಹಾರುವವನೇ. ಕೆಳಗಿಳಿದು ಮತ್ತೆ ಹತ್ತುವ ಶ್ರಮ ತಪ್ಪಿಸಲು ಮರವನ್ನು ತೂಗಿಸಿ, ಪಕ್ಕದ ಮರದ ತಲೆ ಹಿಡಿದು ದಾಟಿಬಿಡುತ್ತಿದ್ದ. ಎಡೆಯೂರಿನ ಸಿದ್ಧಲಿಂಗೇಶ್ವರನ ಹೆಸರು ಹೇಳದೆ ಒಂದು ಮರಕ್ಕೂ ಕೈ ಇಟ್ಟವನಲ್ಲ. ಬಿದ್ದ ದಿನವೂ ಹೇಳಿದ್ದ. ಆದರೆ ಪಾಚಿಗಟ್ಟಿದ ಮರ ರಾತ್ರಿಯ ಮಳೆಗೆ ನೆನೆದು ಜಾರುತ್ತಿತ್ತು. ಜೇಮ್ಸ್ ಲೆಕ್ಕದಲ್ಲಿ ಈ ಪಾಚಿ ಎಲ್ಲಿದೆ? ಹಾರಿ ಗೆದ್ದವನ ನಂಬಿಕೆ ನಮಗೆ ಕಾಣುತ್ತದೆ. ನಂಬಿಯೇ ಬಿದ್ದವನನ್ನು ಯಾರೂ ಉದಾಹರಣೆಗೆ ಕರೆಯುವುದಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆಮೇಲೆ ನಡೆದದ್ದು ಜೇಮ್ಸ್ ಕಡೆಗೇ ಸಾಕ್ಷಿ ಹೇಳುತ್ತದೆ. ರಾಡು ಹಾಕಿದ ಮೂಳೆ ಕೂಡಿತು. ಅದು ಯಾರ ನಂಬಿಕೆಗೂ ಕಾಯಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ಪೂರ್ತಿ ಭಾರ ಹಾಕಿ ನಡೆಯಿರಿ ಎಂದರು. ಅಣ್ಣನಿಗೆ ಆಗಲಿಲ್ಲ. ಬೆರಳ ತುದಿ ನೆಲ ಮುಟ್ಟುತ್ತಿತ್ತು, ಹಿಮ್ಮಡಿ ಇಳಿಯುತ್ತಿರಲಿಲ್ಲ. ನಾನು ಗದರಿದೆ, ಅತ್ತಿಗೆ ಅತ್ತರು. ಕೊನೆಗೆ ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ಕರೆದೊಯ್ದೆವು. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ತೋಂಟದ ಸಿದ್ಧಲಿಂಗರೆನಿಸಿಕೊಂಡ ಸ್ವಾಮಿಯ ಗದ್ದುಗೆ ಅಲ್ಲಿದೆ. ತೋಟದಲ್ಲಿದ್ದವನು ತೋಟದ ಕೂಲಿಯ ಕಷ್ಟ ಅರಿಯನೇ ಎಂಬುದು ಅಣ್ಣನ ಭರವಸೆ. ಗದ್ದುಗೆಯ ಮುಂದೆ ಕೈಮುಗಿಯಬೇಕೆಂದು ವಾಕರ್‌ನಿಂದ ಎರಡೂ ಕೈ ತೆಗೆದ. ಹಿಮ್ಮಡಿ ಕಲ್ಲಿಗೆ ಊರಿತು. ಮೊಣಕಾಲು ನಡುಗಿತು, ಆದರೆ ಮಡಿಯಲಿಲ್ಲ.

ಹಾಗಾದರೆ ಮೂಳೆಗೆ ಬೇಡದ ನಂಬಿಕೆ ಹೆಜ್ಜೆಗೆ ಬೇಕು. ಇಷ್ಟನ್ನು ನಾನು ಜೇಮ್ಸ್‌ಗೆ ಬಿಟ್ಟುಕೊಡುತ್ತೇನೆ.

ಆದರೂ ಅವನ ಬೆಟ್ಟದಲ್ಲಿ ಇರುವವನು ಒಬ್ಬನೇ. ಅಣ್ಣ ಬಿದ್ದ ತೋಟದಲ್ಲಿ ಮರದ ಕೆಳಗೆ ಕೂಲಿಗೆ ಕರೆದವರೂ ನಿಂತಿದ್ದರು. ಕೆಲಸದಲ್ಲಿ ಗಾಯಗೊಂಡವರ ಪರಿಹಾರಕ್ಕೆ 1923ರಿಂದಲೇ ಕಾನೂನು ಇದೆ. ಗಾಯ ಕೆಲಸದ ವೇಳೆ, ಕೆಲಸದ ಕಾರಣಕ್ಕೇ ಆಯಿತೇ ಎಂದು ಅದು ಕೇಳುತ್ತದೆ. ಭಕ್ತಿ ಎಷ್ಟಿತ್ತೆಂದು ಕೇಳುವುದಿಲ್ಲ. ತೋಟದವರನ್ನು ಪರಿಹಾರ ಕೇಳೋಣವೆಂದರೆ ಅಣ್ಣ ಒಪ್ಪಲಿಲ್ಲ. "ಸ್ವಾಮಿ ಕಾಲು ಕೊಟ್ಟವ್ನೆ, ಅವರತ್ರ ಏನ್ ಕೇಳೋದು?" ದೇವರು ತೀರಿಸಿದ ಮೇಲೆ ಮನುಷ್ಯರ ಬಾಕಿ ತಾನೇ ಚುಕ್ತಾ ಆಗಿಬಿಡುತ್ತದೆ ಎಂಬುದು ನನ್ನ ಅತಿ ದೊಡ್ಡ ತಕರಾರು. ಅದನ್ನೇ ಅಣ್ಣನ ಮುಂದೆ ಇಟ್ಟಾಗ, ಕೇಳಲು ಹೋಗಿ ಹಜಾರದಲ್ಲಿ ಕೈಕಟ್ಟಿ ನಿಲ್ಲುವುದಕ್ಕಿಂತ ಗದ್ದುಗೆಯ ಮುಂದೆ ನಿಲ್ಲುವುದೇ ಮರ್ಯಾದೆ ಎಂದ. ಅವನು ಉಳಿಸಿಕೊಂಡದ್ದು ಏನೆಂದು ಆಗ ಸ್ವಲ್ಪ ಹೊಳೆಯಿತು. ಅದನ್ನು ಮೌಢ್ಯ ಎನ್ನಲಾರೆ. ಹಣ ಮಾತ್ರ ಬರಲೇ ಇಲ್ಲ, ಸಾಲ ಹಾಗೇ ಇದೆ.

ಈಗ ಅಣ್ಣ ಮತ್ತೆ ಮರ ಹತ್ತುತ್ತೇನೆ ಎನ್ನುತ್ತಿದ್ದಾನೆ. ನಡೆಸಿದ ಸ್ವಾಮಿ ಹತ್ತಿಸದೆ ಇರುತ್ತಾನೆಯೇ ಎಂದು ಕೇಳುತ್ತಾನೆ. ಹಿಮ್ಮಡಿಯನ್ನು ನೆಲಕ್ಕೆ ಇಳಿಸಿದ ನಂಬಿಕೆಯೇ ಅವನನ್ನು ಮರದ ಬುಡಕ್ಕೆ ಕರೆದೊಯ್ಯುತ್ತಿದೆ. ಎಲ್ಲಿಯವರೆಗೆ ನಂಬಬೇಕು, ಎಲ್ಲಿ ಬಿಡಬೇಕು ಎಂಬ ಗೆರೆ ನನಗೆ ಜೇಮ್ಸ್‌ನಲ್ಲೂ ಸಿಗಲಿಲ್ಲ, ಅಣ್ಣನ ಜೊತೆಗಿನ ಜಗಳದಲ್ಲೂ ಸಿಗಲಿಲ್ಲ. ಅವನ ನಂಬಿಕೆ ಒಡೆದು ಮರದಿಂದ ದೂರವಿಡಲು ಹೋದರೆ ಹಿಮ್ಮಡಿ ಮತ್ತೆ ಮೇಲೆದ್ದೀತೆಂಬ ಭಯ ನನಗಿದೆ. ಸುಮ್ಮನಿರೋಣವೆಂದರೆ ಕೊಯ್ಲು ಹತ್ತಿರ ಬಂತು, ತೋಟದವರು ಹೇಳಿಕಳಿಸಿದ್ದಾರೆ.