ಯಾರೋ ಕೂರಿಸಿದ ಬೋಲ್ಟು

ಜಮಖಂಡಿ, ಬೀಳಗಿಯವರದೇ ಜಿಲ್ಲೆಯ ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಬಂಡೆ ಹತ್ತುವವರು, ಯಾರೋ ಕೊರೆದು ಕೂರಿಸಿ ಹೋದ ಬೋಲ್ಟಿಗೆ ಜೀವ ತೂಗುಹಾಕುತ್ತಾರೆ.

ಹಗ್ಗದ ಮಾತು ಬೇರೆ. ಅದರ ಹೆಣಿಗೆ ರಬಕವಿ-ಬನಹಟ್ಟಿಯ ನೇಕಾರರಿಗೆ ಥಟ್ಟನೆ ತಿಳಿದೀತು: ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ. ಬಿದ್ದಾಗ ಅದು ಹಿಗ್ಗಬೇಕು. ಹಿಗ್ಗದಿದ್ದರೆ ಹಗ್ಗ ಉಳಿದರೂ ಏಟು ಮೈಗೇ. ಒಂಟಿ ಹಗ್ಗಕ್ಕೆ 80 ಕಿಲೋ ಭಾರ ಕಟ್ಟಿ ಬೀಳಿಸಿದಾಗ ಸೆಳೆತ 12 ಕಿಲೋನ್ಯೂಟನ್ ಮೀರಬಾರದೆಂಬುದು ಕಟ್ಟಳೆ.

ಬೋಲ್ಟನ್ನೂ ಪರೀಕ್ಷಿಸಬಹುದು, ಕಲ್ಲನ್ನು? ನೀರು ಕುಡಿದ ಮರಳುಗಲ್ಲು ಮೆತ್ತಗಾಗುತ್ತದೆ. ವರ್ಷಗಳ ಮೇಲೆ ಬೋಲ್ಟು ಕಿತ್ತುಬಂದರೆ ಹೊಣೆ ಯಾರದು? ಕೂರಿಸಿದವನದೋ, ನೋಡದೆ ನಂಬಿದವನದೋ? ನನಗನಿಸುವಂತೆ, ಅಲುಗುವುದನ್ನು ಕಂಡೂ ಯಾರಿಗೂ ಹೇಳದೆ ಇಳಿದು ಹೋದವನದು. ಕೂರಿಸಿದವನ ಕಾಲಕ್ಕೆ ಕಲ್ಲು ಗಟ್ಟಿಯಿತ್ತು. ಇವನ ಕೈಗೆ ಅಲುಗಾಟ ಹತ್ತಿತ್ತು.