ಅಡಿಗೆಮನೆಯ ಗೋಡೆ

ಕಳೆದ ಬೇಸಗೆಯ ರಜೆಯಲ್ಲಿ, ನಮ್ಮ ಅಡಿಗೆಮನೆಗೂ ನಡುಮನೆಗೂ ನಡುವೆಯಿರುವ ಗೋಡೆಯನ್ನು ತೆಗೆಯಿಸಿ ಒಂದೇ ಊಟದ ಅಂಕಣ ಮಾಡಬೇಕೆಂಬ ಮಾತು ಹುಟ್ಟಿತು. ರೊಳ್ಳದ ಮೇಸ್ತ್ರಿಯೊಬ್ಬರು ಬಂದು, ಗೋಡೆಯನ್ನು ಬಿಟ್ಟು ಮೊದಲು ಸೂರನ್ನು ನೋಡಿದರು. "ಇದು ಬರಿಯ ಮರೆಯಲ್ಲ ಮೇಷ್ಟರೆ, ತೊಲೆಯನ್ನು ಹೊತ್ತಿದೆ. ಕೆಡವುವುದು ಒಂದು ದಿನದ ಕೆಲಸ. ಆ ಭಾರವನ್ನು ಬೇರೆ ಯಾವುದರ ಮೇಲಾದರೂ ಇಡಬೇಕಲ್ಲ, ಖರ್ಚೆಲ್ಲ ಅದಕ್ಕೇ" ಎಂದರು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಊರೆಗಂಬ ಕೊಟ್ಟ ಬಳಿಕವಷ್ಟೆ ಗೋಡೆಗೆ ಹಾರೆ ಮುಟ್ಟಬೇಕು. ಲೆಕ್ಕದ ಚೀಟಿಯನ್ನು ಕೊಟ್ಟು ಅವರು ಹೋದರು. ಅವರ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಆ ಗೋಡೆ ಇನ್ನೂ ಏನೇನನ್ನು ಹೊತ್ತಿದ್ದಿತು?

ಮೊದಲನೆಯದು ಹೊಗೆ. ಅದಕ್ಕೆ ಈಗ ಬೇರೆ ಉಪಾಯಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ಹೊಗೆಕೊಳವಿಯುಳ್ಳ ಒಲೆಯನ್ನು ರೂಪಿಸಿತು; 2016ರ ಉಜ್ಜ್ವಲಾ ಯೋಜನೆಯಿಂದ ಹಳ್ಳಿಯ ಬಡಮನೆಗಳಿಗೂ ಗ್ಯಾಸು ಬಂದಿತು. ಎರಡನೆಯದು ಮಡಿ. ಯಾರು ಪಡಸಾಲೆಯವರೆಗೆ ಬರಬಹುದು, ಯಾರು ಒಲೆಯ ಬಳಿಗೆ ಬರಬಾರದು ಎಂಬುದನ್ನು ಈ ಗೋಡೆಯೇ ಹೇಳುತ್ತಿದ್ದಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಹದಿನೇಳನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತಾದರೂ ಅಡಿಗೆಮನೆಯ ಹೊಸಲಿನ ಒಳಗೆ ಕಾನೂನು ಸುಲಭವಾಗಿ ಕಾಲಿಡದು. ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ ಮೇಲೆ, ಎಲ್ಲ ಕೇರಿಯ ಮಕ್ಕಳೂ ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಅದೇ ಮಗು ಸಂಜೆ ಮನೆಯ ಗೋಡೆಯಿಂದ ಬೇರೊಂದು ಪಾಠವನ್ನು ಕಲಿಯುವುದಾದರೆ, ಅಂತಹ ಗೋಡೆ ಬೀಳುವುದೇ ಲೇಸು. ಇದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಮೂರನೆಯ ಭಾರವೊಂದಿದೆ. ನಾನು ಹುಡುಗನಾಗಿದ್ದಾಗ ಮಳೆಯಿಲ್ಲದೆ ಕಡಲೆಕಾಯಿ ಹೊಲದಲ್ಲಿಯೇ ಒಣಗಿದ ವರ್ಷಗಳಿದ್ದವು. ಆಗಲೂ ನೆಂಟರು ಬಂದರೆ ನಡುಮನೆಗೆ ಬಿಸಿಮುದ್ದೆ, ಸೊಪ್ಪಿನ ಸಾರು ಬರುತ್ತಿದ್ದವು. "ನಾನು ಆಮೇಲೆ ಉಣ್ಣುತ್ತೇನೆ" ಎಂದು ತಾಯಿ ಗೋಡೆಯ ಆಚೆಗೆ ಹೋಗುತ್ತಿದ್ದಳು. ಮಡಕೆಯ ತಳವನ್ನು ನಾವಾರೂ ಕಂಡವರಲ್ಲ. ಆ ಗೋಡೆ ಒಂದು ಸುಳ್ಳನ್ನು ಕಾಯುತ್ತಿದ್ದಿತು. ಆ ಸುಳ್ಳು ಮನೆಯ ಮಾನವನ್ನು ಕಾಯುತ್ತಿದ್ದಿತು. ಅದರ ಬೆಲೆಯನ್ನು ಅವಳೊಬ್ಬಳೇ ತೆತ್ತಳು. ಆದರೂ ಇಡೀ ಮನೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಅವಳು ಗಳಿಗೆ ಹೊತ್ತು ಸುಮ್ಮನೆ ಕೂರಬಹುದಾಗಿದ್ದ ಸ್ಥಳ ಅದೊಂದೇ ಎಂಬುದನ್ನೂ ಮರೆಯುವಂತಿಲ್ಲ.

ಇದು ನಮ್ಮೊಬ್ಬರ ಪ್ರಶ್ನೆಯಲ್ಲ. 1926ರಲ್ಲಿ ವಿಯೆನ್ನಾದ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿಯು ಫ್ರಾಂಕ್‌ಫರ್ಟಿನ ವಸತಿಗಳಿಗೆ, ಹೆಂಗಸಿನ ನಡಿಗೆಯನ್ನೂ ಶ್ರಮವನ್ನೂ ಉಳಿಸಲೆಂದು, ಪುಟ್ಟದಾದ ಪ್ರತ್ಯೇಕ ಅಡಿಗೆಮನೆಯನ್ನು ಯೋಜಿಸಿದಳು. ಅದರಲ್ಲಿ ಗೃಹಿಣಿ ಒಂಟಿಯಾದಳೆಂದು ಮುಂದೆ ಆಕ್ಷೇಪಣೆ ಬಂದಿತು. ಅಮೆರಿಕದಲ್ಲಿ ಫ್ರಾಂಕ್ ಲಾಯ್ಡ್ ರೈಟನು 1937ರಲ್ಲಿ ಪೂರೈಸಿದ ಜೇಕಬ್ಸ್ ಮನೆಯಲ್ಲಿ ಅಡಿಗೆಯ ಜಾಗವನ್ನು ಊಟದ ಜಾಗಕ್ಕೆ ತೆರೆದಿಟ್ಟನು. ಮುಚ್ಚಿದರೂ ತೆರೆದರೂ, ಎಂಜಲು ಪಾತ್ರೆಯನ್ನು ತೊಳೆಯುವವರು ಯಾರೆಂಬುದನ್ನು ನಕ್ಷೆ ತೀರ್ಮಾನಿಸಲಾರದು.

ಕೊನೆಗೆ ತಾಯಿಯನ್ನೇ ಕೇಳಿದೆನು. "ತೆಗೆಸಪ್ಪ" ಎಂದಳು. "ಆದರೆ ನಾನು ಉಣ್ಣುವಾಗ ಎದುರಿಗೆ ಕೂತು ನೋಡಬೇಡಿ. ಕೂತರೆ ಜೊತೆಯಲ್ಲಿ ಉಣ್ಣಿ."

ನನ್ನ ಲೆಕ್ಕದ ಚೀಟಿಯಲ್ಲಿ ಇಲ್ಲದ ಬಾಬು ಇದೇ. ಗೋಡೆ ಬಿದ್ದ ಮೇಲೂ ಹೆಂಡತಿ ನಿಂತು ಬಡಿಸುತ್ತ, ನಾವು ಕುಳಿತು ಉಣ್ಣುತ್ತ ಇದ್ದರೆ, ಮರೆಯಲ್ಲಿದ್ದ ದುಡಿಮೆ ಎಲ್ಲರ ಕಣ್ಣಮುಂದಿನ ದುಡಿಮೆಯಾದೀತು. ಅವಳಿಗಿದ್ದ ಮರೆಯೂ ತಪ್ಪೀತು. ಎರಡನೆಯ ಮುದ್ದೆಗೆ ಕೈಯೊಡ್ಡುವ ಮುನ್ನ ಮಡಕೆಯ ತಳವನ್ನು ನೋಡುವ ಹೊಣೆ ಇನ್ನು ಉಣ್ಣುವವನದು.

ಗೋಡೆ ಇನ್ನೂ ನಿಂತಿದೆ. ಹಣ ಕೂಡಿದಾಗ ತೆಗೆಸುತ್ತೇವೆ. ಅಷ್ಟರಲ್ಲಿ ನಾವೆಲ್ಲರೂ ರಾತ್ರಿಯ ಊಟಕ್ಕೆ ಅಡಿಗೆಮನೆಗೇ ಹೋಗಿ, ತಾಯಿಯೊಡನೆ ಕುಳಿತು ಉಂಡು, ತಟ್ಟೆಗಳನ್ನು ನಾವೇ ತೊಳೆದಿಟ್ಟು ಬರುತ್ತಿದ್ದೇವೆ. ಜಾಗ ಇಕ್ಕಟ್ಟು, ಮೊಣಕಾಲಿಗೆ ಮೊಣಕಾಲು ತಾಕುತ್ತದೆ. ಆದರೆ ಮೇಸ್ತ್ರಿಯವರು ಹೇಳಿದಂತೆ, ಊರೆಗಂಬವನ್ನು ಮೊದಲು ಕೊಡಬೇಕಷ್ಟೆ.